ಗುಂಡಿಗೆ ನಾಲ್ಕು ಸುತ್ತು

"ಅಮ್ಮಾ, ಇನ್ನೊಂದ್ಸಲ ಹೇಳ್ತೀನಿ. ಹೊರಗಿನ ಸುದ್ದಿ ಒಂದೂ ಬಾಯಿಂದ ಬರಬಾರ್ದು. ಬಂದ್ರೆ ಆಚೆ ಕರ್ಕೊಂಡು ಬಂದ್ಬಿಡ್ತೀವಿ," ಎಂದಳು ಟಿವಿ ಆಟದ ಮನೆಯ ಬಾಗಿಲಲ್ಲಿ ಅವಳಿಗೆ ಮೈಕು ಸಿಕ್ಕಿಸುತ್ತಿದ್ದ ಹುಡುಗಿ.

"ಮಗನಿಗೆ ಅವರಪ್ಪ ಹೇಳಿ ಕಳ್ಸಿರೋದು ಒಂದೇ ಮಾತು, ತಾಯಿ."

"ಅದೇ ಹೊರಗಿನ ಸುದ್ದಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವಂತಾಯಿತು. ಹೊಲಿಗೆಗೆ ಕೂರುವುದಿಲ್ಲ ಎಂದು ಮಗ ಮನೆ ಬಿಟ್ಟು ಎರಡು ವರ್ಷ. ಅಂದಿನಿಂದ ಅವನ ಹೆಸರೆತ್ತದ ದರ್ಜಿ ಗಂಡ ಇಂದು ಬೆಳಿಗ್ಗೆ, "ಆಟ ಮುಗಿದ್ಮೇಲೆ ಮನೆಗೇ ಬಾ ಅನ್ನು" ಎಂದಿದ್ದ. ಆ ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದವಳ ಬಾಯಿಗೆ ಹೊಸ್ತಿಲಲ್ಲೇ ಬೀಗ ಬಿತ್ತು.

ಬಾಗಿಲು ತೆರೆಯಿತು. ಎಪ್ಪತ್ತು ದಿನ ಟಿವಿಯಲ್ಲಿ ಕಂಡ ಮನೆ, ಗೋಡೆಗೋಡೆಗೂ ಕ್ಯಾಮೆರಾ. "ಎಲ್ಲರೂ ನಿಂತಲ್ಲೇ ನಿಲ್ಲಿ. ಅಲುಗಾಡಿದವರು ಆಟದಿಂದ ಹೊರಗೆ," ಎಂದಿತು ಧ್ವನಿವರ್ಧಕ. ಪಾತ್ರೆ ತೊಳೆಯುತ್ತಿದ್ದ ಮಗ ನೊರೆ ತಟ್ಟೆ ಹಿಡಿದಂತೆಯೇ ಕಲ್ಲಾದ. ಯಾರ ಜಗಳ ತೋರಿಸಿದರೂ ಹಿಂದೆ ಇವನು ಪಾತ್ರೆ ತೊಳೆಯುತ್ತಿರುತ್ತಿದ್ದ. ಜನಕ್ಕೆ ನೆನಪಿದ್ದದ್ದು ಮಾತ್ರ ಒಮ್ಮೆ ಸಿಟ್ಟಿನಲ್ಲಿ ಲೋಟ ಒಡೆದದ್ದು. ಬೀದಿಯಲ್ಲಿ ಅವಳೀಗ 'ಲೋಟದವನ ಅಮ್ಮ'.

"ಮಗಾ, ಅಪ್ಪ..."

"ಅಮ್ಮಾ! ಎಚ್ಚರಿಕೆ," ಎಂದು ಗೋಡೆ ಗದರಿತು.

ಅವಳ ಕಣ್ಣು ಮಗನ ಅಂಗಿಯ ಮೇಲೆ ಬಿತ್ತು. ಎರಡನೆಯ ಗುಂಡಿ ಒಂದೆಳೆ ದಾರದಲ್ಲಿ ನೇತಾಡುತ್ತಿತ್ತು. ವಾರದಿಂದ ಅದನ್ನು ಟಿವಿಯಲ್ಲಿ ನೋಡಿನೋಡಿ ದರ್ಜಿ ಹಲ್ಲು ಕಡಿಯುತ್ತಿದ್ದ. ಚೀಲ ತಡಕಿದವರಿಗೆ ಅವಳ ರವಿಕೆ ತೋಳಿನ ಮಡಿಕೆಯ ಸೂಜಿ ಸಿಕ್ಕಿರಲಿಲ್ಲ. ದಾರ ಪೋಣಿಸಿದ ಸೂಜಿಯಿಲ್ಲದೆ ಅವಳು ಮನೆಯಿಂದ ಹೊರಬಿದ್ದವಳೇ ಅಲ್ಲ.

ಗುಂಡಿ ಹಚ್ಚಿ ಅದರ ಬುಡಕ್ಕೆ ದಾರ ಸುತ್ತಿದಳು. ಗಿರಾಕಿಗೆ ಮೂರು ಸುತ್ತು, ಮನೆಯವರಿಗೆ ನಾಲ್ಕು. ಅದು ಅಂಗಡಿಯ ಪದ್ಧತಿ. ಮಗ ಮನೆ ಬಿಟ್ಟ ದಿನ ತೊಟ್ಟುಹೋದ ಅಂಗಿಗೆ ದರ್ಜಿ ಹಟ ಹಿಡಿದು ಮೂರೇ ಹಾಕಿದ್ದ. ಇದು ಅದೇ ಅಂಗಿ.

"ಏನಾದ್ರೂ ಮಾತಾಡಿ ಅಮ್ಮಾ, ಟೈಮ್ ಹೋಗ್ತಿದೆ! ತಬ್ಕೊಳ್ಳಿ!"

ಅವಳು ಹಲ್ಲಿನಿಂದ ದಾರ ಕಡಿದಳು. "ನಾಲ್ಕು ಸುತ್ತಿದೀನಿ ಕಣೋ."

ಮಗ ರೆಪ್ಪೆ ಬಡಿಯಲಿಲ್ಲ. ತಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

ಮರುದಿನ ಸಂಜೆ ಟಿವಿಯಲ್ಲಿ ಇನ್ನೊಬ್ಬ ಸ್ಪರ್ಧಿಯ ತಾಯಿ ಮೂರ್ಛೆ ಹೋದದ್ದನ್ನು ಮೂರು ಸಲ ತೋರಿಸಿದರು. ಇವಳು ಬಾಗಿಲು ದಾಟಿದ್ದಷ್ಟೇ ಬಂತು, ಉಳಿದದ್ದಕ್ಕೆ ಕತ್ತರಿ.

"ಹೇಳಿದ್ಯೋ ಇಲ್ವೋ?" ದರ್ಜಿ ಸಿಡುಕಿದ.

"ಬಾಯಿ ಬಿಡೋಕೆ ಬಿಡ್ಲಿಲ್ಲ ಕಣ್ರೀ."

"ಅಷ್ಟು ದೂರ ಹೋಗಿ ಮತ್ತೇನು ಕಡಿದ್ಯೆ?"

"ಗುಂಡಿ ಹಚ್ಚಿ ಬಂದೆ."

"ಎಷ್ಟು ಸುತ್ತು?"

"ನಾಲ್ಕು."

ಪರದೆಯಲ್ಲಿ ಯಾರೋ ಇಬ್ಬರು ಉಪ್ಪಿನ ಡಬ್ಬಕ್ಕೆ ಕಿತ್ತಾಡುತ್ತಿದ್ದರು. ಅವರ ಹಿಂದೆ, ತೊಟ್ಟಿಯ ಬಳಿ, ಮಗ ಒದ್ದೆ ಬೆರಳಿನಿಂದ ಅಂಗಿಯ ಗುಂಡಿಯ ಬುಡವನ್ನು ಸವರುತ್ತಿದ್ದ. ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು.

ದರ್ಜಿ ಕನ್ನಡಕ ಒರೆಸಿ, ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡ.