ಪಕ್ಕದ ಸೀಟಿನ ಬ್ರೇಕು

ಚಿತಾಗಾರದ ನೌಕರ ತಳ್ಳುಗಾಡಿಯನ್ನು ಒಲೆಯ ಬಾಗಿಲ ತನಕ ತಂದವನು ತಟ್ಟನೆ ನಿಲ್ಲಿಸಿ, ಶವದ ಕೊರಳೆಲುಬಿನ ಕೆಳಗೆ ಬೆರಳಿಟ್ಟು ಒತ್ತಿ ನೋಡಿದ.

"ಇಲ್ಲಿ ಹೊಸ ಹೊಲಿಗೆ ಇದೆಯಲ್ಲ. ಎದೇಲಿ ಮಿಷಿನ್ ಇತ್ತಾ ಅಮ್ಮಾ? ಒಲೆ ಒಳಗೆ ಹೋದ್ರೆ ಸಿಡಿಯುತ್ತೆ."

"ಇತ್ತು. ಬೆಳಿಗ್ಗೆ ಆಸ್ಪತ್ರೇಲೇ ತೆಗೆಸಿದೀನಿ," ಎಂದಳು ತಾಯಿ. "ನಿಮ್ಮ ಒಲೆಗೇನೂ ಆಗಲ್ಲ, ನಡೀರಿ."

ಹಿಂದೆ ನಿಂತಿದ್ದ ನಾದಿನಿ, ಅಂದರೆ ಸತ್ತವಳ ಸೋದರತ್ತೆ, ಕರವಸ್ತ್ರದಲ್ಲಿ ಮೂಗೊರೆಸಿಕೊಂಡಳು. "ಪಾಪ, ಕೊನೆಗೂ ಆ ಎದೇನೇ ಕೈಕೊಡ್ತು."

ತಾಯಿ ಸರಕ್ಕನೆ ತಿರುಗಿದಳು. "ಎದೆ ಕೈಕೊಡಲಿಲ್ಲ. ನ್ಯುಮೋನಿಯಾ ಆಗಿ ಶ್ವಾಸಕೋಶ ಕೈಕೊಡ್ತು. ಸರಿಯಾಗಿ ಕೇಳಿಸ್ಕೊ. ಆಮೇಲೆ ಊರಿಗೆಲ್ಲ ಬೇರೆ ಹೇಳ್ಕೊಂಡು ತಿರುಗಬೇಡ."

ಒಲೆಯ ಬಾಗಿಲು ಮುಚ್ಚಿತು. ನಾದಿನಿ ಗೊಳೋ ಎಂದು ಅತ್ತಳು. ತಾಯಿಯ ಕಣ್ಣು ಕೆಂಪಗಿದ್ದರೂ ಒಂದು ಹನಿ ನೀರಿರಲಿಲ್ಲ. ಬಂದವರು ಒಲೆಯನ್ನು ಬಿಟ್ಟು ಅವಳ ಕಣ್ಣನ್ನೇ ನೋಡುತ್ತಿದ್ದರು. ಸಾವಿಗೆ ಬಂದ ಕೆಲವರಿಗೆ ಬೇರೆ ಕೆಲಸವಿರುವುದಿಲ್ಲ.

*

ಮಗಳು ಹುಟ್ಟಿದ ದಿನ ನರ್ಸ್ ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಇನ್ನೊಬ್ಬ ನರ್ಸನ್ನು ಕರೆದಳು, ಅವಳು ಡಾಕ್ಟರನ್ನು ಕರೆದಳು. ಹಸುಗೂಸಿನ ಎದೆ ಓಡಬೇಕು. ಇದು ಮುದುಕರ ಹಾಗೆ ನಡೆಯುತ್ತಿತ್ತು. ಹೃದಯದ ಮೇಲಿನ ಕೋಣೆಯ ಸೂಚನೆ ಕೆಳಗಿನ ಕೋಣೆಗೆ ಮುಟ್ಟುತ್ತಿಲ್ಲ ಎಂದರು. ಪುಟ್ಟ ಹೊಟ್ಟೆಯಲ್ಲಿ ಹೃದಯವನ್ನು ಬಡಿಸುವ ಯಂತ್ರವಿಟ್ಟು ಹೊಲಿದರು; ದೊಡ್ಡವಳಾದ ಮೇಲೆ ಅದನ್ನು ಎದೆಗೆ ಬದಲಾಯಿಸಿದರು. "ಇದು ಬಹಳ ದಿನದ್ದಲ್ಲ, ಜಾಸ್ತಿ ಹಚ್ಕೋಬೇಡಿ," ಎಂದು ನಾದಿನಿ ಮೊದಲ್ಗೊಂಡು ನೋಡಲು ಬಂದವರೆಲ್ಲ ಬುದ್ಧಿ ಹೇಳಿದರು. ತಾಯಿ ಅಂದೇ ಮಗಳನ್ನು 'ಗಡಿಬಿಡಿ' ಎಂದು ಕರೆದಳು. ನಿಧಾನ ಎಂದು ಯಾರಾದರೂ ಕರೆಯುವ ಮೊದಲೇ.

ಯಾಕೆ ಹೀಗಾಯಿತೆಂದು ತಿಳಿದದ್ದು ಬಹಳ ತಡವಾಗಿ. ಕಣ್ಣುರಿ ಎಂದು ಹೋದ ತಾಯಿಯ ರಕ್ತ ಪರೀಕ್ಷಿಸಿದ ಡಾಕ್ಟರು, "ನಿಮ್ಮ ಮಕ್ಕಳಿಗೆ ಹುಟ್ಟಿನಿಂದ ಹೃದಯದ ತೊಂದರೆ ಏನಾದ್ರೂ ಇತ್ತಾ?" ಎಂದು ಕೇಳಿದರು. ರೋಗಾಣುಗಳ ಮೇಲೆ ಬೀಳಬೇಕಾದ ಪ್ರತಿಕಾಯಗಳು ಅವಳಲ್ಲಿ ಸ್ವಂತ ಮೈಯ ಮೇಲೇ ಬೀಳುತ್ತಿದ್ದವು. ಬಸುರಿನಲ್ಲಿ ಅವೇ ಮಗುವಿಗೂ ದಾಟಿ, ಹೃದಯದಲ್ಲಿ ಆ ಸೂಚನೆ ಸಾಗುವ ದಾರಿಯನ್ನು ಕೆಡಿಸಿದ್ದವು. ಈಗ ತಾಯಿಯ ಕಣ್ಣೀರು ಬತ್ತಿಸಿದ್ದೂ ಅವೇ. "ನಿಮಗೆ ಗೊತ್ತೇ ಇರಲಿಲ್ಲ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ," ಎಂದರು ಡಾಕ್ಟರು. ಜೊತೆಗೆ ಹೋಗಿದ್ದ ನಾದಿನಿಯ ಕಿವಿಗೆ ಬಿದ್ದದ್ದು ತಾಯಿಯ ರಕ್ತ ಎಂಬಷ್ಟೇ. ಅಂದಿನಿಂದ ಅದೇ ರಾಗ.

ಆ ದಿನ ತಾಯಿ ಅನ್ನ ಮುಟ್ಟಲಿಲ್ಲ. ಆಗಷ್ಟೇ ಡ್ರೈವಿಂಗ್ ಕಲಿಸುವ ಕೆಲಸಕ್ಕೆ ಸೇರಿದ್ದ ಮಗಳು ತಟ್ಟೆ ತಂದು ಮುಂದಿಟ್ಟಳು.

"ಕೆಡಿಸಿದ್ದೂ ನಿನ್ನ ರಕ್ತಾನೇ, ಬೆಳೆಸಿದ್ದೂ ನಿನ್ನ ರಕ್ತಾನೇ. ಅಲ್ಲಿಗೆ ಸರಿಹೋಯ್ತು. ಊಟ ಮಾಡಮ್ಮ, ತಣ್ಣಗಾಗುತ್ತೆ."

*

ಚಿತಾಗಾರದ ಅಂಗಳದಲ್ಲಿ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಔಷಧಿಯ ಹೊತ್ತು ಮೀರಿ ತಾಯಿಯ ರೆಪ್ಪೆಯೊಳಗೆ ಮರಳು ತುಂಬಿದಂತಾಗಿತ್ತು. ನಾದಿನಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು:

"ಅತ್ತಿಗೆ, ನಾಲ್ಕು ಜನ ನೋಡ್ತಿದಾರೆ. ಆ ಕಣ್ಣಿನ ಔಷಧಿನಾದ್ರೂ ಹಾಕ್ಕೊಳ್ಳಿ. ಅತ್ತ ಹಾಗೆ ಕಾಣುತ್ತೆ."

"ನಾಲ್ಕು ಜನ ನೋಡ್ಲಿ ಅಂತ ನಾನು ಅಳಲ್ಲ."

"ನಿಮ್ಮ ರಕ್ತದಿಂದ್ಲೇ ಅಲ್ವಾ ಅವಳಿಗೆ ಇಷ್ಟೆಲ್ಲ... ಅದಕ್ಕಾದ್ರೂ—"

"ಹೌದು, ನನ್ನ ರಕ್ತಾನೇ!" ತಾಯಿಯ ದನಿ ಅಂಗಳಕ್ಕೆಲ್ಲ ಕೇಳಿತು. "ಬಹಳ ದಿನದ್ದಲ್ಲ ಅಂದ್ರಲ್ಲ ನೀವೆಲ್ಲ? ಅರ್ಧ ಊರಿಗೆ ಕಾರು ಓಡಿಸೋದು ಕಲಿಸಿ ಹೋದ್ಲು. ನಿನ್ನ ಮಗನಿಗೂ ಕಲಿಸಿದ್ಲು. ಅದೂ ನನ್ನ ರಕ್ತಾನೇ. ಅದನ್ನೂ ಹೇಳ್ಕೊಂಡು ತಿರುಗು."

ನಾದಿನಿ ಕರವಸ್ತ್ರ ಮಡಚಿಕೊಂಡು ಬಂದವರ ಗುಂಪಿನತ್ತ ಸರಿದಳು.

ಡ್ರೈವಿಂಗ್ ಶಾಲೆಯ ಕಾರಿನ ಪಕ್ಕ ಬೇಕರಿಯವಳು ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು. ಗಡಿಬಿಡಿಯ ಶಿಷ್ಯರಲ್ಲೇ ಮಹಾ ಪುಕ್ಕಲಿ; ಪರೀಕ್ಷೆಯಲ್ಲಿ ಪ್ರತಿ ಸಲವೂ ಗೋಡೆಗೆ ಗುದ್ದಿ ಬಂದವಳು.

"ಅಮ್ಮಾ, ಶಾಲೆಯವರು ಕಾರು ಇಲ್ಲಿ ತಂದು ಬಿಟ್ಟಿದಾರೆ. ನಿಮ್ಮನ್ನ ಮನೆಗೆ ಬಿಡೋಣ ಅಂತ ಬಂದೆ. ಆದ್ರೆ ಲೈಸೆನ್ಸ್ ಇರೋರು ಪಕ್ಕದಲ್ಲಿ ಕೂರ್ಬೇಕು. ಮೇಡಂ ಇದ್ದಿದ್ರೆ..."

"ನನಗಿದೆ. ನಿಮ್ಮ ಮೇಡಂಗೆ ಮೊದಲ ಶಿಷ್ಯೆ ನಾನೇ. ಹತ್ತು."

ಕಲಿಸುವವರ ಸೀಟಿನ ಕೆಳಗಿದ್ದ ಎರಡನೇ ಬ್ರೇಕು ಮಗಳ ಕಾಲಿಗೆ ಸವೆದು ನುಣುಪಾಗಿತ್ತು. ತಾಯಿ ಅದರ ಮೇಲೆ ಪಾದವಿಟ್ಟಳು, ಒತ್ತಲಿಲ್ಲ. ಕಾರು ಜಗ್ಗಿ ನಿಂತಿತು, ಮತ್ತೆ ಜಗ್ಗಿ ನಿಂತಿತು. ಬೇಕರಿಯವಳ ಹಣೆ ಬೆವೆತಿತು.

"ಹೆದರಬೇಡ. ಬ್ರೇಕು ನನ್ನ ಕಾಲಡೀಲೂ ಇದೆ."

ಮೇಡಂ ದಿನಾ ಹೇಳುತ್ತಿದ್ದ ಮಾತು. ಬೇಕರಿಯವಳು ಉಸಿರೆಳೆದುಕೊಂಡು ಗೇಟು ದಾಟಿಸಿದಳು.

ತಿರುವು ಕಳೆದು ಚಿತಾಗಾರ ಮರೆಯಾದ ಮೇಲೆ ತಾಯಿ ಚೀಲಕ್ಕೆ ಕೈಹಾಕಿದಳು. ಮಗಳ ಎದೆಯಿಂದ ತೆಗೆದ ಯಂತ್ರದ ಪಕ್ಕದಲ್ಲೇ ಔಷಧಿಯ ಸೀಸೆಯಿತ್ತು. ತಲೆ ಹಿಂದಕ್ಕೊರಗಿಸಿ ಎರಡೂ ಕಣ್ಣಿಗೆ ಹನಿ ಬಿಟ್ಟುಕೊಂಡಳು. ಮತ್ತೆ ಬಿಟ್ಟುಕೊಂಡಳು. ಸೀಸೆ ಬರಿದಾಗುವ ತನಕ ಹಿಂಡಿದಳು. ನೀರು ಕೆನ್ನೆಗಿಳಿದು ಕುತ್ತಿಗೆ ತೊಯ್ಯಿಸಿದರೂ ಒರೆಸಿಕೊಳ್ಳಲಿಲ್ಲ.

ಬೇಕರಿಯವಳು ಕದ್ದು ಅತ್ತ ನೋಡಿದಳು.

"ನನ್ನ ಮುಖದಲ್ಲೇನಿದೆ?" ಎಂದಳು ತಾಯಿ. "ರಸ್ತೆ ನೋಡು."