ಕೊನೆಯ ಹದಿನಾರು ಪುಟ

ಹೂವಿನ ಬುಟ್ಟಿ ತರುವ ನೆಪದಲ್ಲಿ ಒಳಗೆ ಬಂದ ಮಂಜುಳಾ ಅಪ್ಪನ ಟ್ರಂಕಿನೊಳಗೆ ಮೂರನೆಯ ಸಲ ಕೈಯಾಡಿಸಿದಳು. ನೀಲಿ ರಟ್ಟಿನ ಹಾಜರಿ ಪುಸ್ತಕ ಇರಲಿಲ್ಲ. ಬೆಳಿಗ್ಗೆ ಅವ್ವ ಹೆಣಕ್ಕೆ ಹೊದಿಸುವ ಬಟ್ಟೆ ತೆಗೆಯಲು ಟ್ರಂಕು ತೆರೆದಾಗ ಮಂಜುಳಾ ಅದನ್ನು ಕಣ್ಣಾರೆ ನೋಡಿದ್ದಳು. ಆಮೇಲೆ ಒಳಗೆ ಬಂದ ಹೊರಗಿನವನು ಸಿನಿಮಾದ ಭೀಮರಾಜ್ ಒಬ್ಬನೇ, ನೀರು ಕುಡಿಯಲು.

"ಆವಯ್ಯ ಹೆಗಲ ಚೀಲ ಇಳಿಸೇ ಇಲ್ಲ, ನೋಡಿದ್ಯಾ?" ಪಕ್ಕದ ಮನೆಯ ಅಂಕಮ್ಮ ಪಿಸುಗುಟ್ಟಿದಳು. "ಸಾವಿಗ್ ಬಂದೋನು ಕೊನೇ ಸೀನ್ ಎಲ್ಲೈತೆ ಅಂತ ಕೇಳ್ತಾನೆ ಕಣೇ."

"ನಿಮ್ಮನ್ನೂ ಕೇಳಿದ್ನಾ?"

"ನಮ್ ಎಮ್ಮೆ ಒಂದ್ ಬಿಟ್ಟು ಎಲ್ರುನ್ನೂ ಕೇಳವ್ನೆ."

ಹೋಗಿ ಆ ಚೀಲ ಬಿಚ್ಚಿಸಬೇಕು ಅನ್ನಿಸಿತು. ಆದರೆ ಡಿಗ್ರಿ ಮುಗಿಸಿದ್ದರೂ ಹೊಸಬರ ಎದುರು ಮಂಜುಳಾಳಿಗೆ ಬಾಯಿ ಬರುತ್ತಿರಲಿಲ್ಲ.

*

ಅಪ್ಪ ಶಿವಯ್ಯ ಜಾವಗಲ್‌ನಲ್ಲಿ ಶಾಲೆಯ ಅಟೆಂಡರ್ ಆಗಿದ್ದ. ಅರಸೀಕೆರೆ ಸ್ಟೇಷನ್ನಿನ ಹತ್ತಿರ ಕಡಲೆಕಾಯಿ ಮಾರುವವಳಿಂದ ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ತಂದಿದ್ದ. ಕೊನೆಯ ಹದಿನಾರು ಪುಟ ಅಷ್ಟರಲ್ಲಾಗಲೇ ಪೊಟ್ಟಣ ಆಗಿ ಹೋಗಿದ್ದವು. ನಾಡೆಲ್ಲ ಓದಿದ ಪುಸ್ತಕ. ಆದರೂ ಕೊಲೆಗಾರ ಯಾರೆಂದು ಅಪ್ಪ ಒಬ್ಬರನ್ನೂ ಕೇಳಲಿಲ್ಲ. "ನಾನೇ ಹಿಡೀತೀನಿ," ಅಂದವನು ಹನ್ನೆರಡು ವರ್ಷ ಗಂಟೆ ಬಾರಿಸಿಕೊಂಡೇ ಹುಡುಕಿ, ಮೂಲದಲ್ಲಿಲ್ಲದ ಅಂತ್ಯವೊಂದನ್ನು ಕಟ್ಟಿದ. ಅದೇ ಕಾದಂಬರಿಯನ್ನು ತೆರೆಗೆ ತರಲು ಹೊರಟಿದ್ದ ಭೀಮರಾಜ್‌ಗೆ ಸುದ್ದಿ ಮುಟ್ಟಿ, ಆ ಅಂತ್ಯವೇ ಬೇಕಾಯಿತು. ಅಪ್ಪ ಚಿತ್ರಕಥೆ ಬರೆದು ಕಳಿಸಿದ, ಕೊನೆಯ ದೃಶ್ಯವೊಂದನ್ನು ಬಿಟ್ಟು. ಅದನ್ನು ಶಾಲೆಯ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಬರೆದಿಟ್ಟ.

"ಹೆಸ್ರು ಹಾಕ್ತೀವಿ ಅಂತ ಬರ್ಕೊಡೋಗಂಟ ಇದು ಯಾರ್ ಕೈಗೂ ಸಿಗಬಾರ್ದು," ಎಂದು ಆ ಪುಸ್ತಕವನ್ನು ಅವ್ವನ ಕೈಲಿಟ್ಟಿದ್ದ. ಮಗಳಿಗೂ ಓದಿಸಿರಲಿಲ್ಲ.

*

ಚಟ್ಟ ಎತ್ತುವ ಹೊತ್ತಿಗೆ ಭೀಮರಾಜ್ ನೇರ ಅವಳ ಬಳಿಗೇ ಬಂದ.

"ಇದನ್ನ ಸ್ವಲ್ಪ ಹಿಡ್ಕೊಳ್ತೀರಾ? ನಾನೂ ಹೆಗಲು ಕೊಡ್ಬೇಕು."

ಮಂಜುಳಾ ಬೇಕೆಂದೇ ಹಿಂದೆ ಉಳಿದು, ದಾರಿಬದಿಯ ತೆಂಗಿನ ಮರೆಯಲ್ಲಿ ಅವನ ಚೀಲದ ಜಿಪ್ ಎಳೆದಳು. ನೀಲಿ ರಟ್ಟು ಇಲ್ಲ. ಸಹಿ, ಮೊಹರು ಬಿದ್ದ ಕರಾರುಪತ್ರವಿತ್ತು. ಚಿತ್ರಕಥೆ: ಜಾವಗಲ್ ಶಿವಯ್ಯ. ತಾರೀಖು ಅಪ್ಪ ತೀರಿಕೊಳ್ಳುವ ಹಿಂದಿನ ದಿನದ್ದು.

ಗುಂಡಿಯ ಬಳಿ ಅವ್ವ ದ್ಯಾವಮ್ಮ ಅವಳ ಮೊಣಕೈ ಹಿಡಿದಳು. "ಚೀಲ ನೋಡ್ದ್ಯಾ? ಅದ್ರಾಗೆ ಸಿಗಾಕಿಲ್ಲ ಬಿಡು. ಇನ್ ಯಾರ್ಗೂ ಸಿಗಾಕಿಲ್ಲ."

ಆ ದನಿಯಲ್ಲಿ ಎಂಥದೋ ನೆಮ್ಮದಿ ಇತ್ತು. ಮಂಜುಳಾ ಕೆಳಗೆ ಗುಂಡಿಯೊಳಗೆ ನೋಡಿದಳು. ಅವ್ವ ತನ್ನ ಕೈಯಾರೆ ಹೊದಿಸಿದ್ದ ಬಿಳಿ ಬಟ್ಟೆ ಅಪ್ಪನ ಎದೆಯ ಮೇಲೆ ಚೌಕವಾಗಿ ಉಬ್ಬಿತ್ತು. ಅಂಚಿನಲ್ಲಿ ಬೆರಳಗಲ ನೀಲಿ.

"ಹೂಂ, ಎಲ್ರೂ ಮೂರ್ ಮೂರ್ ಹಿಡಿ ಮಣ್ ಹಾಕಿ," ಎಂದ ಗುಂಡಿ ತೋಡಿದ ಚಿದಂಬರ. "ಬಿಸ್ಲು ಏರ್ತಾ ಐತೆ."

ಎದುರಿಗಿದ್ದ ಭೀಮರಾಜ್ ಮಣ್ಣು ತುಂಬಿದ ಮುಷ್ಟಿ ಚಾಚಿದವನು ಹಾಗೇ ನಿಂತುಬಿಟ್ಟ. ಮಂಜುಳಾ ಕರಾರುಪತ್ರವನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈ ಊರಿ, ಗುಂಡಿಗೆ ಇಳಿಯುತ್ತಿದ್ದಳು.