ಬಿಸಿಲಿಗೆ ದಲ್ಲಾಳಿ

ಅಳಿಯ ಟೇಪು ಹಿಡಿದು ತಾರಸಿ ಹತ್ತಿದನೆಂದು ಕೇಳಿದಾಗಲೇ ಲಾಂಡ್ರಿಯ ಯಜಮಾನಿಗೆ ಅನುಮಾನ ಹುಟ್ಟಿತು. ಮೇಲೆ ಬಂದು ನೋಡಿದರೆ, ಅವಳ ಇಪ್ಪತ್ತೆರಡು ಹಗ್ಗಗಳ ಕೆಳಗೆ ಅವನು ಬಗ್ಗಿ ಬಗ್ಗಿ ಅಳೆಯುತ್ತಿದ್ದ. ಹೋಟೆಲಿನ ದುಪ್ಪಟಿಯೊಂದು ಅವನ ಮುಖಕ್ಕೆ ಪಟಪಟನೆ ಹೊಡೆಯುತ್ತಿತ್ತು. ದುಪ್ಪಟಿಗೂ ಸುಳಿವು ಸಿಕ್ಕಿರಬೇಕು.

"ಅತ್ತೆ, ತಾರಸಿ ಪೂರ್ತಿ ಸೋಲಾರ್ ಹಾಕಿಬಿಡೋಣ. ಈ ಹಗ್ಗ ಬಿಚ್ಚಿದ್ರೆ ಆಯ್ತು."

ಹೋಟೆಲಿನವರು ಊರಿನ ನಾಲ್ಕು ಲಾಂಡ್ರಿ ದಾಟಿ ಇವಳಲ್ಲಿಗೆ ಬರುತ್ತಿದ್ದುದೇ ಬಿಸಿಲಲ್ಲಿ ಒಣಗಿದ ಬಿಳಿ ದುಪ್ಪಟಿಯ ವಾಸನೆಗೆ. ಹಗ್ಗ ಬಿಚ್ಚಿದರೆ ಅಂಗಡಿಯ ಬಾಗಿಲು ಹಾಕಿದಂತೆಯೇ.

"ಬಟ್ಟೆ ಎಲ್ಲಿ ಒಣಗಿಸ್ಲಿ, ನಿಮ್ಮ ತಲೆ ಮೇಲಾ?"

"ಡ್ರೈಯರ್ ತರೋಣ. ಕರೆಂಟು ನಮ್ದೇ ಇರುತ್ತಲ್ಲ."

"ಅಂದ್ರೆ ಬಿಸಿಲು ಹಿಡಿದು ಕರೆಂಟು ಮಾಡೋದು, ಕರೆಂಟಿಂದ ಮತ್ತೆ ಶಾಖ ಮಾಡೋದು, ಆ ಶಾಖದಲ್ಲಿ ಬಟ್ಟೆ ಒಣಗಿಸೋದು. ಈಗ ಬಿಸಿಲೇ ನೇರವಾಗಿ ಒಣಗಿಸ್ತಿದೆ ಅಳಿಯಂದ್ರೇ. ನಡುವೆ ದಲ್ಲಾಳಿ ಯಾಕೆ?"

ಅಳಿಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಲೆಕ್ಕ ಹಾಕುವಾಗ ಪೆನ್ನು ತೆಗೆದು ಅಂಗೈ ಮೇಲೆ ಗೀಚುವುದು ಅವನ ಅಭ್ಯಾಸ. ಗೀಚಿದ. "ಮುಕ್ಕಾಲು ಪಾಲು ಕರೆಂಟು ಡ್ರೈಯರ್ ಹೊಟ್ಟೆಗೇ ಹೋಗುತ್ತೆ" ಎಂದು ಅಂಗೈಗೇ ಹೇಳಿದ. ಆದರೂ ಪಟ್ಟು ಬಿಡಲಿಲ್ಲ. "ಮೋಡ ಇರೋ ದಿನಕ್ಕಾದ್ರೂ ಬೇಕಲ್ಲ?"

"ಮೋಡ ಇದ್ದಾಗ ನಿಮ್ಮ ಸೋಲಾರ್ ಹಲಗೆ ಎದ್ದು ಕೆಲಸ ಮಾಡುತ್ತಾ?"

"ಇಲ್ಲ. ಆಗ ಲೈನ್ ಕರೆಂಟು."

"ಅದೆಲ್ಲಿಂದ ಬರುತ್ತೆ?"

"ಕಲ್ಲಿದ್ದಲು ಸುಟ್ಟು" ಎಂದವನೇ ತಿರುಗಿಬಿದ್ದ. "ನೀರು ಕಾಯಿಸೋ ನಿಮ್ಮ ಬಾಯ್ಲರ್ ಏನು ಕಮ್ಮಿ? ಸೌದೆ ಹೊಗೆಗೆ ಹೆದರಿ ಎದುರುಮನೆ ಅಜ್ಜಿ ಕಿಟಕಿ ತೆಗೆದು ವರ್ಷವಾಯ್ತು."

ಈ ಮಾತು ತಾಗಿತು. ದುಪ್ಪಟಿ ಮೇಲೆ ಮಸಿ ಬೀಳಬಾರದೆಂದು ಹೊಗೆ ಕೊಳವೆಯನ್ನು ಆ ಕಡೆ ತಿರುಗಿಸಿದವಳು ಅವಳೇ. ಸೌದೆ ಅಗ್ಗ, ನಿಜ. ಅಜ್ಜಿಯ ಕೆಮ್ಮನ್ನು ಬೆಲೆಗೆ ಸೇರಿಸದಿದ್ದರೆ.

ಅವಳು ತಾರಸಿಯ ಆ ತುದಿಗೆ ಹೋಗಿ ಹರಕು ಟಾರ್ಪಾಲಿನ ಕೆಳಗೆ ನಿಂತಳು.

"ಬಿಳಿ ಬಟ್ಟೆಗೆ ಬಿಸಿಲೇ ಬೇಕು. ಬಣ್ಣದ್ದು ನೆರಳಲ್ಲಿ ಒಣಗ್ಬೇಕು, ಇಲ್ಲಾಂದ್ರೆ ಮಾಸುತ್ತೆ. ಅದಕ್ಕೇ ವರ್ಷವರ್ಷ ಈ ಟಾರ್ಪಾಲು ಕಟ್ಟಿ ಸಾಯ್ತೀನಿ. ಇದರ ಜಾಗದಲ್ಲಿ ನಿಮ್ಮ ಹಲಗೆ ಎತ್ತರಕ್ಕೆ ಕೂರಿಸಿ. ಅದರ ನೆರಳಲ್ಲಿ ಬಣ್ಣದ್ದು ಒಣಗಲಿ, ಕರೆಂಟಲ್ಲಿ ನೀರು ಕಾಯಲಿ. ಬಿಳಿ ಬಟ್ಟೆ ಹಗ್ಗ ಮಾತ್ರ ಮುಟ್ಟಬೇಡಿ."

"ಬಾಯ್ಲರ್?"

"ಮೋಡದ ದಿನಕ್ಕಿರಲಿ. ಕೊಳವೆ ಎತ್ತರ ಮಾಡ್ಸಿ, ಅಜ್ಜಿಗೆ ಹೇಳಿ ಹಚ್ಚೋಣ."

ಅಳಿಯ ತಲೆ ಕೆರೆದುಕೊಂಡ. "ಒಂದೇ ತಾಪತ್ರಯ, ಅತ್ತೆ. ಧೂಳು ಕೂತ್ರೆ ಕರೆಂಟು ಇಳಿಯುತ್ತೆ. ಹದಿನೈದು ದಿನಕ್ಕೊಮ್ಮೆ ಹಲಗೆ ತೊಳೆಯೋರು ಬೇಕು."

ಯಜಮಾನಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಲಾಂಡ್ರಿಯಲ್ಲಿ ನಿಂತು ತೊಳೆಯೋರನ್ನ ಹುಡುಕ್ತಿದ್ದೀರಲ್ಲ."

ಟೇಪಿನ ತುದಿ ಕಸಿದುಕೊಂಡು, ಹಗ್ಗಕ್ಕೆ ಬಟ್ಟೆ ಹಾಕುವಂತೆ ಕೈ ನೆಟ್ಟಗೆ ಎತ್ತಿದಳು.

"ಹಲಗೆ ಕಂಬ ಇದಕ್ಕಿಂತ ಒಂದು ಗೇಣು ಮೇಲಿರಲಿ. ಬರ್ಕೊಳ್ಳಿ. ಅಂಗೈ ಮೇಲಲ್ಲ, ಕಾಗದದ ಮೇಲೆ. ಊಟಕ್ಕೆ ಮುಂಚೆ ಕೈ ತೊಳೀತೀರಿ."